ಆಪಾ ದನಿಯಲ್ಲಿ ಇಪ್ಪತ್ತೆಂಟು ಡಿಗ್ರಿ

ಆಪಾ ದನಿ ತೆಗೆಯುವುದು ಕಷ್ಟವೇನಲ್ಲ. ಮೂಗು ಸ್ವಲ್ಪ ಕಟ್ಟಿದಂತಿರಬೇಕು, ಮೂವತ್ತು ವರ್ಷ ಸೋಲ್ಡರ್ ಹೊಗೆ ಕುಡಿದ ಮೂಗು ಅದು. ಮಾತಿಗೆ ಮೊದಲು ಒಂದು ‘ಅರೇ’ ಬರಬೇಕು. ಆ ‘ಅರೇ’ ಕಿವಿಗೆ ಬಿದ್ದವನಿಗೆ, ತಾನು ಏನೂ ಮಾಡದಿದ್ದರೂ, ಏನೋ ತಪ್ಪು ಮಾಡಿದ್ದೇನೆ ಅನ್ನಿಸಬೇಕು. ‘ಬೇಡ’ ಅನ್ನುವ ಕಡೆ ‘ನಕ್ಕೋ’ ಅನ್ನಬೇಕು. ವಾಕ್ಯದ ಕೊನೆಯನ್ನು ಎಳೆಯಬಾರದು, ಕಟ್ಟರಿನಲ್ಲಿ ತಂತಿ ಕತ್ತರಿಸಿದ ಹಾಗೆ ನಿಲ್ಲಿಸಬೇಕು. ಇಷ್ಟು ಬಂದರೆ ಆಪಾ ಬಂದರು.

ನಾನು ಯಾರನ್ನೂ ಬಿಟ್ಟವನಲ್ಲ. ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರ್, ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು, ಪ್ರತಿ ಮದುವೆಯಲ್ಲೂ ಸಾರಿಗೆ ಉಪ್ಪು ಕಡಿಮೆ ಅನ್ನುವ ನಮ್ಮ ಸೋದರಮಾವ, ಒಂದೇ ವಿಷಯದಲ್ಲಿ ನನ್ನನ್ನು ಮೂರು ಸಲ ಫೇಲು ಮಾಡಿದ ಡಿಪ್ಲೊಮಾ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ. ಯಾವ ವಿಷಯ ಅಂತ ಕೇಳಬೇಡಿ. ಸರಿ, ಕೇಳಿ: ಅಳತೆಯ ಉಪಕರಣಗಳು. ಅದರಲ್ಲಿ ಫೇಲಾದವನು ಕೋಲಾರದಲ್ಲಿ ಅಳತೆಯ ಉಪಕರಣ ರಿಪೇರಿ ಮಾಡುವ ಅಂಗಡಿಗೇ ಕೆಲಸಕ್ಕೆ ಸೇರಿದೆ. ಅಂಗಡಿಯ ಯಜಮಾನಿ, ಊರಿಗೆಲ್ಲ ‘ಆಪಾ’ ಅಂದರೆ ಅಕ್ಕ, ನನ್ನ ಅಂಕಪಟ್ಟಿ ನೋಡಿ, “ಅರೇ, ಮೂರು ಸಲ ಓದಿದ್ದೀಯ. ಒಂದೇ ಸಲ ಓದಿದವರಿಗಿಂತ ಜಾಸ್ತಿ ಗೊತ್ತಿರಬೇಕು” ಅಂದರು. ತಮಾಷೆಯೋ ನಂಬಿಕೆಯೋ ಇವತ್ತಿಗೂ ತಿಳಿದಿಲ್ಲ. ಅವರ ಮುಖದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

ಹೋದ ತಿಂಗಳು ಅವರು ಅಂಗಡಿಯ ಬೀಗದ ಕೈಯನ್ನು ನನ್ನ ಕೈಗಿಟ್ಟು ಮುಳಬಾಗಿಲಿನ ಮಗಳ ಮನೆಗೆ ಹೋದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ರೆಸಿಸ್ಟರಿನ ಮೇಲಿನ ಬಣ್ಣದ ಪಟ್ಟೆಗಳು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಂದು ಯಾವುದು, ಕೆಂಪು ಯಾವುದು ಎಂದು ನನ್ನನ್ನು ಕೇಳಬೇಕಾಗಿ ಬಂದ ದಿನವೇ, ಸಾಕು ಅಂದರು.

ಆಪಾ ಕೆಲಸ ಕಲಿತದ್ದು ಪರದೆಯ ಹಿಂದೆ. ಅವರ ಅಬ್ಬಾ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ. ಕಷ್ಟದ ಬೋರ್ಡುಗಳೆಲ್ಲ ಪರದೆಯ ಕೆಳಗಿನಿಂದ ಒಳಗೆ ಹೋಗಿ ಸರಿಯಾಗಿ ಹೊರಗೆ ಬರುತ್ತಿದ್ದವಂತೆ. ಅಬ್ಬಾ ತೀರಿಕೊಂಡ ಮೇಲೆ ಪರದೆ ತೆಗೆದು ತಾವೇ ಮುಂದೆ ಕುಳಿತರು. ಬಂದವರು “ಮೆಕಾನಿಕ್ ಇಲ್ವಾಮ್ಮಾ?” ಅಂದರೆ, “ಊಟಕ್ಕೆ ಹೋಗವ್ನೆ, ಇಟ್ಟು ಹೋಗಿ” ಅನ್ನುತ್ತಿದ್ದರು. ಆ ಮೆಕಾನಿಕ್ ಹನ್ನೊಂದು ವರ್ಷ ಊಟ ಮಾಡಿದ. ನಾನು ಸೇರಿದ ಮೊದಲ ವಾರ ಮುದುಕರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನಪ್ಪಾ, ಅಂತೂ ಊಟ ಮುಗೀತಾ?” ಎಂದು ಕೇಳಿದರು.

ಹಳ್ಳಿಗಳಲ್ಲಿ ಆಪಾಗೆ ಹೆಸರು ತಂದದ್ದು ಚಾಕಿ ಮನೆಗಳ ಡಬ್ಬ. ರೇಷ್ಮೆ ಮೊಟ್ಟೆ ಒಡೆದು ಮರಿಹುಳು ಹೊರಬಂದ ಮೇಲೆ, ಎರಡನೇ ಜ್ವರ ಏಳುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಅವನ್ನು ಸಾಕಿ ರೈತರಿಗೆ ಕೊಡುವ ಮನೆಯೇ ಚಾಕಿ ಮನೆ. ಎಳೆಯ ಹುಳುವಿಗೆ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಬಿಸಿ ಬೇಕು, ಗಾಳಿಯಲ್ಲಿ ಚೆನ್ನಾಗಿ ತೇವ ಬೇಕು, ಬಾಗಿಲು ಸುಮ್ಮಸುಮ್ಮನೆ ತೆಗೆಯಬಾರದು. ಹಾಗಾಗಿ ಆಪಾ ಒಂದು ಡಬ್ಬ ಮಾಡಿದರು. ಡಬ್ಬ ಹೊರಗೆ ಜಗಲಿಯ ಗೋಡೆಯ ಮೇಲೆ, ಅದರಿಂದ ಒಂದು ಉದ್ದನೆಯ ತಂತಿ ಒಳಗೆ, ತಂತಿಯ ತುದಿಗೆ ಮೆಣಸಿನ ಕಾಳಿನ ಗಾತ್ರದ ಮೂರು ಕಾಲಿನ ಟ್ರಾನ್ಸಿಸ್ಟರ್. ಬಾಗಿಲು ತೆಗೆಯದೆ ಒಳಗಿನ ಬಿಸಿ ಹೊರಗೇ ಕಾಣುತ್ತಿತ್ತು. ಬಿಸಿ ಇಳಿದರೆ ಡಬ್ಬವೇ ಒಳಗಿನ ಹೀಟರ್ ಹಾಕುತ್ತಿತ್ತು, ಏರಿದರೆ ಆರಿಸುತ್ತಿತ್ತು.

ಟ್ರಾನ್ಸಿಸ್ಟರಿಗೂ ಬಿಸಿಗೂ ಏನು ಸಂಬಂಧ ಎಂದು ಅವರು ನನಗೆ ಹೇಳಿಕೊಟ್ಟದ್ದು ಒಂದು ಲೋಟ ಐಸಿನ ಮುಂದೆ. “ಎರಡು ಕಾಲು ಕೂಡಿಸಿ ಬೆಸುಗೆ ಹಾಕು. ಚೂರೇ ಚೂರು ಕರೆಂಟು ಬಿಡು. ಅರ್ಧ ವೋಲ್ಟಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತೆ. ಬಿಸಿ ಒಂದು ಡಿಗ್ರಿ ಏರಿದ್ರೆ ಅದು ಎರಡು ಮಿಲಿವೋಲ್ಟು ಇಳಿಯುತ್ತೆ. ಬಿಸಿಲಿಗೆ ನೀನು ಇಳೀತೀಯಲ್ಲ, ಹಂಗೇ.” ಡಬ್ಬದ ಅಂಕಿ ಸರಿಯಿದೆಯೇ ಎಂದು ನೋಡಲು ಪಕ್ಕದ ಜ್ಯೂಸ್ ಅಂಗಡಿಯ ಐಸು, ತಮ್ಮದೇ ಸ್ಟವ್ ಮೇಲಿನ ಕುದಿನೀರು. ಕುದಿನೀರಿನಲ್ಲಿ ನೂರು ಬರಲಿಲ್ಲವೆಂದು ನಾನು ಒಂದು ಬೆಳಿಗ್ಗೆಯೆಲ್ಲ ಡಬ್ಬ ಬಿಚ್ಚಿ ಕುಳಿತಿದ್ದೆ. ಆಪಾ ತಡೆಯಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ, “ಮೈನಾ, ನಮ್ಮೂರು ಎತ್ತರದಲ್ಲಿದೆ. ಇಲ್ಲಿ ನೀರು ತೊಂಬತ್ತೇಳಕ್ಕೇ ಕುದಿಯುತ್ತೆ. ಡಬ್ಬ ಬಿಡು, ಊಟ ಮಾಡು” ಅಂದರು. ಮೈನಾ ಅಂದರೆ ನಾನು. ಕೇಳಿದ್ದನ್ನೆಲ್ಲ ಕೂಗುವ ಹಕ್ಕಿ.

ಅಂಕಿ ತಪ್ಪಿದೆ ಎಂಬ ದೂರು ಬಂದರೆ ಅವರು ಮೊದಲು ಡಬ್ಬ ನೋಡುತ್ತಿರಲಿಲ್ಲ, ಮನೆಯವರನ್ನು ನೋಡುತ್ತಿದ್ದರು. ಟೇಕಲ್ಲಿನ ಒಬ್ಬರು, ರೈಲು ಹೋದಾಗಲೆಲ್ಲ ನೆಲ ಅದುರಿ ಅಂಕಿ ಕುಣಿಯುತ್ತದೆ ಎಂದು ಪ್ರಮಾಣ ಮಾಡಿದರು. ಆಪಾ ಅವರ ಜಗಲಿಯಲ್ಲಿ ದಿನವೆಲ್ಲ ಕೂತರು. ರೈಲು ಬಂತು, ಅಂಕಿ ಕುಣಿಯಿತು. ಸಂಜೆ ಇನ್ನೊಂದು ರೈಲು, ಮತ್ತೆ ಕುಣಿಯಿತು. ಆ ಮನೆಯಲ್ಲಿ ಗಡಿಯಾರದ ಬದಲು ರೈಲು. ಅದರ ಸದ್ದು ಕೇಳಿದೊಡನೆ ಯಜಮಾನರು ಎದ್ದು ಹೋಗಿ ನೀರಿನ ಮೋಟಾರ್ ಹಾಕುತ್ತಿದ್ದರು. ಮೋಟಾರಿನ ವೈರೂ ನಮ್ಮ ತಂತಿಯೂ ಒಂದೇ ಮೊಳೆಗೆ ನೇತುಬಿದ್ದಿದ್ದವು. “ರೈಲಿಗೆ ಬೈಬೇಡಿ, ಮೊಳೆ ಬೇರೆ ಹೊಡೀರಿ” ಅಂದು ಬಸ್ಸು ಹತ್ತಿದರು.

ಇಂಥ ಆಪಾ ಒಂದು ವಾಕ್ಯವನ್ನು ಎಲ್ಲರಿಗೂ ಹೇಳುತ್ತಿದ್ದರು. “ಕೈ ನಂಬಬೇಡಿ, ಅಂಕಿ ನಂಬಿ.” ಒಲೆ ಮುಂದಿನಿಂದ ಎದ್ದು ಬಂದ ಕೈಗೆ ಎಲ್ಲವೂ ತಣ್ಣಗೆ, ಬಾವಿ ನೀರು ಮುಟ್ಟಿ ಬಂದ ಕೈಗೆ ಎಲ್ಲವೂ ಬಿಸಿ ಎಂಬುದು ಅವರ ವಾದ. ನಾನು ಈ ವಾಕ್ಯವನ್ನು ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅವರ ಮಗಳ ಎದುರಿಗೇ ಹೇಳಿ ನಗಿಸಿದ್ದೇನೆ. ಆಪಾ ಇಲ್ಲದಾಗ ಅಂಗಡಿ ಫೋನಿಗೆ ಅವರ ದನಿಯಲ್ಲೇ ಉತ್ತರ ಕೊಡುವುದೂ ಅಭ್ಯಾಸವಾಗಿತ್ತು. ನನ್ನ ದನಿಯಲ್ಲಿ ಹೇಳಿದರೆ “ಆಯಮ್ಮನಿಗೆ ಕೊಡಪ್ಪಾ” ಅನ್ನುತ್ತಿದ್ದರು. ಅವರ ದನಿಯಲ್ಲಿ ಹೇಳಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು.

ನಾಲ್ಕು ವರ್ಷದ ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ ರತ್ನಮ್ಮ ಫೋನ್ ಮಾಡಿದರು. ಶ್ರೀನಿವಾಸಪುರದ ಆಚೆ, ಮಾವಿನ ತೋಪುಗಳನ್ನು ದಾಟಿದ ಮೇಲೆ ಅವರ ಹಳ್ಳಿ. ಆಪಾ ಮಾಡಿದ ಮೊದಲ ಡಬ್ಬ ಅವರ ಚಾಕಿ ಮನೆಯದು. ಆಪಾ ಅವತ್ತು ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ನನ್ನೆದುರು ಟೀ ಅಂಗಡಿಯ ಗೆಳೆಯ ಕೂತಿದ್ದ. ನೋಡುವವನೊಬ್ಬ ಇದ್ದರೆ ನನಗೆ ಕೊಂಬು.

“ಆಪಾ, ಡಬ್ಬ ಇಪ್ಪತ್ತೆಂಟು ಅಂತೈತೆ. ನನ್ ಕೈಗೆ ಮಾತ್ರ ತಣ್ಣಗೈತೆ. ಹುಳ ಎಲೆ ಮ್ಯಾಕೆ ಬರ್ತಾ ಇಲ್ಲ. ಒಂದು ಇದ್ದಲು ಒಲೆ ಇಡ್ಲಾ ಒಳಗೆ?”

ನಾನು ಗೆಳೆಯನಿಗೆ ಕಣ್ಣು ಹೊಡೆದು ಮೂಗು ಕಟ್ಟಿಕೊಂಡೆ. “ಅರೇ ರತ್ನಮ್ಮ, ನೀರು ಮುಟ್ಟಿ ಬಂದಿರ್ತೀಯ. ಕೈ ನಂಬಬೇಡ, ಅಂಕಿ ನಂಬು. ಒಲೆ ಗಿಲೆ ನಕ್ಕೋ. ಬಾಗ್ಲು ತೆಗೀಬೇಡ.”

“ಸರಿ ಆಪಾ. ನೀನು ಹೇಳಿದ್ ಮೇಲೆ ಮುಗೀತು” ಅಂದರು ರತ್ನಮ್ಮ.

ಗೆಳೆಯ ಮೇಜು ತಟ್ಟಿ ನಕ್ಕ. ಆಪಾ ಬಂದಾಗ ನಾನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದು ಏನಾದರೂ ನಡೆದಿದೆ ಎಂದೇ ನನಗೆ ಅನ್ನಿಸಿರಲಿಲ್ಲ.

ಒಳಗೆ ನಿಜಕ್ಕೂ ಚಳಿಯಿತ್ತು. ಡಬ್ಬ ಇಪ್ಪತ್ತೆಂಟು ಎಂದು ತೋರಿಸುತ್ತಾ ಹೀಟರನ್ನು ಆರಿಸಿಯೇ ಇಟ್ಟಿತ್ತು. ಎರಡು ದಿನ ರತ್ನಮ್ಮ ಬಾಗಿಲು ಮುಚ್ಚಿಕೊಂಡು ಅಂಕಿಯನ್ನು ನಂಬಿದರು. ಮೂರನೆಯ ದಿನ ನೋಡಿದರೆ ಕೆಲವು ಹುಳು ಜ್ವರಕ್ಕೆ ಕೂತಿವೆ, ಕೆಲವು ಕೂತಿಲ್ಲ, ಹಲವು ಇದ್ದಲ್ಲೇ ಕಪ್ಪಾಗಿವೆ. ಅಂಥ ಬ್ಯಾಚನ್ನು ಯಾರಿಗೂ ಕೊಡುವಂತಿಲ್ಲ. ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದರು. ಆ ಹುಳುವಿಗಾಗಿ ಊರಿನ ಹನ್ನೊಂದು ಮನೆಯವರು ಹಿಪ್ಪುನೇರಳೆ ಬೆಳೆಸಿಕೊಂಡು, ಮನೆ ತೊಳೆದು ಕಾಯುತ್ತಿದ್ದರು. ಸೊಪ್ಪು ಕುರಿಗಳ ಪಾಲಾಯಿತು.

ರತ್ನಮ್ಮ ಇಬ್ಬರು ರೈತರ ಜೊತೆ ಅಂಗಡಿಗೆ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಿತ್ತು, ಕೂಗಾಟವನ್ನು ನಾನು ನಕಲು ಮಾಡಬಲ್ಲೆ.

“ಆಪಾ, ನಾನು ಕೇಳಿದ್ನಾ ಇಲ್ವಾ? ಒಲೆ ಇಡ್ಲಾ ಅಂದೆ. ಕೈ ನಂಬಬೇಡ ಅಂದೋಳು ನೀನೇ ಅಲ್ವಾ?”

ಆಪಾ ಕೈಯಲ್ಲಿ ಸೋಲ್ಡರಿಂಗ್ ಐರನ್ ಇತ್ತು. ಅವರು ನನ್ನ ಕಡೆ ತಿರುಗಲಿಲ್ಲ. ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. “ಹೌದು ರತ್ನಮ್ಮ. ನಾನೇ.”

ಇಪ್ಪತ್ತು ಜನರ ದನಿ ಇಟ್ಟುಕೊಂಡ ನಾನು ಮೇಜಿನ ಮೇಲಿನ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ರೈತರಲ್ಲಿ ಒಬ್ಬರು, “ನಿಮ್ಮನ್ನ ಮನೆ ಮಗಳ ಥರ ನಂಬಿದ್ವಿ” ಎಂದರು. ಮೂವರೂ ಮೆಟ್ಟಿಲಿಳಿದು ಹೋದರು.

ಆಮೇಲೆ ಆಪಾ ಬಾಗಿಲು ಅರ್ಧ ಎಳೆದರು. “ಏನಂದೆ ನೀನು? ಹೇಳು.”

“ಆಪಾ, ತಪ್ಪಾಯ್ತು...”

“ತಪ್ಪು ಆಮೇಲೆ. ಏನಂದೆಯೋ ಅದೇ, ಹೆಂಗಂದೆಯೋ ಹಂಗೇ ಹೇಳು.”

ಹೇಳಿದೆ. ಅವರ ದನಿಯಲ್ಲಿ, ಅವರ ಎದುರಿಗೆ. ನನ್ನ ಜೀವನದಲ್ಲಿ ಯಾರೂ ನಗದ ಮೊದಲ ಮಿಮಿಕ್ರಿ ಅದು. ಆಪಾ ಕಣ್ಣು ಮುಚ್ಚಿ ಕೇಳಿದರು. “ನಾನೇ ಇದು” ಅಂದರು. “ಫೋನ್ ನಾನು ಎತ್ತಿದ್ರೂ ಇದನ್ನೇ ಹೇಳ್ತಿದ್ದೆ. ಒಂದಕ್ಷರ ಬದಲಾಗ್ತಿರಲಿಲ್ಲ. ಅದೇ ತೊಂದರೆ, ಮೈನಾ.” ಮುಂದೆ ಇನ್ನೊಂದು ಮಾತು: “ಇದನ್ನ ಎಲ್ಲೂ ಹೇಳಬೇಡ. ನೀನು ಈ ಕೆಲಸದಲ್ಲಿ ಇನ್ನೂ ಬಾಳಬೇಕು.”

ಅಲ್ಲಿಂದ ಆಪಾ ಬೇರೆ ಮನುಷ್ಯರಾದರು. ಡಬ್ಬ ಸುಳ್ಳು ಹೇಳಿದ್ದು ಯಾಕೆ ಎಂಬುದೊಂದೇ ಯೋಚನೆ. ಮೂರು ಸಲ ರತ್ನಮ್ಮನ ಊರಿಗೆ ಹೋದೆವು. ಐಸಿಟ್ಟರೆ ಸೊನ್ನೆ. ಕಂಕುಳಲ್ಲಿಟ್ಟರೆ ಮೂವತ್ತಾರು. ತಂತಿ ಎಳೆದರೂ, ಅಲುಗಾಡಿಸಿದರೂ, ಮೋಟಾರ್ ಹಾಕಿಸಿದರೂ ಅಂಕಿ ಸರಿಯಾಗಿಯೇ ಇತ್ತು. ಟ್ರಾನ್ಸಿಸ್ಟರ್ ಬದಲಾಯಿಸಿ ಹಳೆಯದನ್ನು ಅಂಗಡಿಗೆ ತಂದು ವಾರಗಟ್ಟಲೆ ಪರೀಕ್ಷಿಸಿದರು. ಅದೂ ಸರಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬೆರಳಿನಿಂದ ಬುರ್ಖಾದ ಮೇಲೆ ಸರ್ಕ್ಯೂಟ್ ಬರೆಯುತ್ತಿದ್ದರು, ಅಳಿಸುತ್ತಿದ್ದರು. ನಾನು ಕಂಡಕ್ಟರನ ದನಿ ತೆಗೆದು ನಗಿಸಲು ನೋಡಿದೆ. “ಸುಮ್ನಿರು” ಅಂದರು. ಬೈಗುಳವಾಗಿರಲಿಲ್ಲ. ಆಯಾಸವಿತ್ತು.

ಮೂರನೆಯ ಸಲ ಹೊರಡುವಾಗ ರತ್ನಮ್ಮ ತಿರಸ್ಕಾರದಿಂದಲೇ ಒಂದು ಮಾತು ಅಂದರು. “ಮೂರು ಕಿತ ಬಂದ್ರಿ. ನೀವು ಬರ್ತೀರ ಅಂತ ಮೂರು ಕಿತಾನೂ ಮನೆ ತೊಳೆದು, ಎರಡು ದಿನ ಕಿಟಕಿ ತೆಗೆದು ಒಣಗಿಸಿ ಇಕ್ಕಿದ್ದೀನಿ. ಇನ್ನೇನು ಮಾಡ್ಲಿ?”

ಗೇಟಿನ ಹತ್ತಿರ ಹೋಗಿದ್ದ ಆಪಾ ನಿಂತುಬಿಟ್ಟರು. ಚಾಕಿ ಮನೆಗೆ ಹೊರಗಿನವರನ್ನು ಹುಳುವಿರುವಾಗ ಬಿಡುವುದಿಲ್ಲ, ಕಾಲಿನ ಜೊತೆ ರೋಗ ಬರುತ್ತದೆಂದು. ಬ್ಯಾಚು ಹೋದ ಮೇಲೆ ತೊಳೆದು ಒಣಗಿಸಿಯೇ ಕರೆಯುತ್ತಾರೆ. ನಾವು ನೋಡಿದ್ದೆಲ್ಲ ಒಣಗಿದ ಮನೆ.

“ರತ್ನಮ್ಮ, ಹುಳ ಇದ್ದಾಗ ಒಂದು ಸಲ ನನ್ನ ಒಳಗೆ ಬಿಡು.”

“ಅದಾಗಲ್ಲ. ನಿನ್ ಡಬ್ಬ ನಾನು ಇನ್ನು ಇಟ್ಕೊಳ್ಳೋದೂ ಇಲ್ಲ.”

“ಇಟ್ಕೋಬೇಡ. ಅದೇ ಡಬ್ಬ ಇನ್ನೂ ಎಂಟು ಮನೇಲಿದೆ. ಅವರ ಹುಳ?”

ರತ್ನಮ್ಮ ಗೇಟು ಹಾಕಿಕೊಂಡರು. ಮುಂದಿನ ಬ್ಯಾಚಿಗೆ ಅವರೇ ಹೇಳಿ ಕಳಿಸಿದರು. ಆಪಾ ಬಚ್ಚಲಲ್ಲಿ ತಲೆಯಿಂದ ನೀರು ಹುಯ್ದುಕೊಂಡು, ರತ್ನಮ್ಮ ಕೊಟ್ಟ ಒಗೆದ ಸೀರೆಯುಟ್ಟು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದರು. “ನೀನು ಹೊರಗಿರಪ್ಪಾ, ನಿನ್ ಉಸಿರೂ ಒಳಗೆ ಬರಕೂಡದು” ಎಂದು ರತ್ನಮ್ಮ ನನ್ನನ್ನು ಜಗಲಿಯಲ್ಲಿ, ಇನ್ನೂ ಬಿಚ್ಚದ ಡಬ್ಬದ ಮುಂದೆ ನಿಲ್ಲಿಸಿದರು. ಅಂಕಿ ಓದಿ ಕೂಗುವುದು ನನ್ನ ಕೆಲಸ.

“ಎಷ್ಟು?” ಒಳಗಿನಿಂದ ಆಪಾ.

“ಇಪ್ಪತ್ತೆಂಟು.”

“ಇಲ್ಲಿ ಗಾಜಿನ ಥರ್ಮಾಮೀಟರ್ ಇಪ್ಪತ್ತೈದು ಅಂತಿದೆ.” ಅಂದರು, ಹುಡುಕುತ್ತಿದ್ದ ಕಳ್ಳ ಎದುರಿಗೇ ಬಂದಂತೆ. ಟ್ರೇಗಳ ಸುತ್ತ ಒದ್ದೆ ಬಟ್ಟೆ, ಗಾಳಿಯ ತುಂಬ ತೇವ. ಆಪಾ ತಂತಿಯನ್ನು ಬೆರಳಲ್ಲಿ ಹಿಡಿದು ಗೋಡೆಗುಂಟ ನಡೆದರಂತೆ. ಟ್ರೇಗಳ ಸ್ಟ್ಯಾಂಡನ್ನು ಹಿಂದೊಮ್ಮೆ ಆಚೆಗೆ ಸರಿಸಿದಾಗ ತಂತಿ ಸಾಲದೆ ಒಂದು ಮಾರು ಜೋಡಿಸಿದ್ದರು. ಆ ಗಂಟಿನ ಮೇಲೆ ಸುತ್ತಿದ ಟೇಪಿನೊಳಗೆ ಸುಣ್ಣದ ಧೂಳು, ಬ್ಲೀಚಿಂಗ್ ನೀರು ಸೇರಿ ಬೆಳ್ಳಗೆ ಕೆಸರಾಗಿತ್ತು. ಟ್ರಾನ್ಸಿಸ್ಟರಿಗೆ ಹೋಗಬೇಕಾದ ಚೂರು ಕರೆಂಟಿನಲ್ಲಿ ಒಂದು ಪಾಲು ಆ ಕೆಸರಿನಲ್ಲೇ ಸೋರಿಹೋಗುತ್ತಿತ್ತು. ವೋಲ್ಟೇಜು ಇಳಿಯುತ್ತಿತ್ತು. ಬಿಸಿ ಏರಿದೆ ಎಂದು ಡಬ್ಬ ತಿಳಿದುಕೊಳ್ಳುತ್ತಿತ್ತು.

“ಒರೆಸ್ತಿದ್ದೀನಿ. ಎಷ್ಟು?”

“ಇಪ್ಪತ್ತೇಳು... ಇಪ್ಪತ್ತಾರು... ಇಪ್ಪತ್ತೈದು!” ಒಳಗೆ ಟಕ್ಕೆಂದು ಹೀಟರ್ ಹತ್ತಿತು.

“ಈಗ?” ಅವರು ಬಾಯಿ ತೆರೆದು ಗಂಟಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟಿದ್ದರು. ಟ್ರಾನ್ಸಿಸ್ಟರ್ ಒಂದು ಮಾರು ಆಚೆ ಇತ್ತು. ಉಸಿರಿನ ಬಿಸಿ ಅದಕ್ಕೆ ತಲುಪುವಂತಿರಲಿಲ್ಲ, ಗಂಟಿಗೆ ತಾಕಿದ್ದು ಉಸಿರಿನ ತೇವ.

“ಇಪ್ಪತ್ತಾರು. ಇಪ್ಪತ್ತೇಳು.”

ಒಳಗೆ ಕಟ್ಟರಿನ ಸದ್ದಾಯಿತು. ಹೊರಗೆ ಬಂದವರು ಆ ಗಂಟನ್ನು ಅಂಗೈಯಲ್ಲಿ ಹಿಡಿದಿದ್ದರು. “ರತ್ನಮ್ಮ, ಇದು ನಾನು ಹಾಕಿದ ಗಂಟು. ತೇವದ ಮನೆಗೆ ಬರೀ ಟೇಪ್ ಸುತ್ತಿದ್ದೆ. ನಿನ್ನ ಕೈ ಸರಿಯಾಗೇ ಹೇಳಿತ್ತು.” ಗಂಟಿನ ಬಗ್ಗೆ ಹೇಳಿದರು. ಫೋನಿನ ಬಗ್ಗೆ ಹೇಳಲಿಲ್ಲ. ನಾನು ಕಾಲಿನ ಹೆಬ್ಬೆರಳನ್ನು ನೋಡುತ್ತಾ ನಿಂತಿದ್ದೆ.

“ಗಂಟು ಕಟ್ಟಿದ್ದು ತಪ್ಪಾಗ್ಬೋದು, ಯಾರ್ ಬೇಕಾದ್ರೂ ಮಾಡ್ತಾರೆ,” ಅಂದರು ರತ್ನಮ್ಮ. “ನಾನು ಕೇಳ್ದಾಗ ಒಂದು ಕಿತ ಬಂದು ನೋಡ್ತೀನಿ ಅಂದಿದ್ರೆ ಸಾಕಿತ್ತು. ನನ್ ಮಾತು ನಿಂಗೆ ಮಾತೇ ಅನ್ನಿಸ್ಲಿಲ್ವಲ್ಲ, ಆಪಾ.”

ಆಪಾ ಸೀರೆ ಬದಲಿಸಿ ಕೊಟ್ಟ ಮೇಲೆ ನಾವು ಬಂದೆವು. ರತ್ನಮ್ಮ ಮತ್ತೆ ಆಪಾ ಜೊತೆ ಮಾತಾಡಲಿಲ್ಲ.

ಉಳಿದ ಎಂಟು ಮನೆಗಳಿಗೂ ಆಪಾ ಹೋದರು. ಗಂಟುಗಳನ್ನು ಬಿಚ್ಚಿ, ಒಂದೇ ತುಂಡಿನ ತಂತಿ ಎಳೆದು, ಟ್ರಾನ್ಸಿಸ್ಟರಿನ ಕಾಲುಗಳಿಗೆ ಗಟ್ಟಿ ಅಂಟು ಮೆತ್ತಿದರು. ಪಕ್ಕದಲ್ಲೇ ಗಾಜಿನ ಥರ್ಮಾಮೀಟರ್ ನೇತುಹಾಕಿದರು. ಯಾರೂ ಕೇಳದಿದ್ದರೂ, ರತ್ನಮ್ಮನ ಮನೆಯಲ್ಲಿ ಏನಾಯಿತೆಂದು ಪ್ರತಿ ಮನೆಯಲ್ಲೂ ತಾವೇ ಹೇಳಿದರು. ಐದು ಮನೆಯವರು ಡಬ್ಬ ಬಿಚ್ಚಿ ವಾಪಸು ಕೊಟ್ಟರು. ಆ ಐದು ಡಬ್ಬಗಳು ಅಂಗಡಿಯ ಮೇಲಿನ ಹಲಗೆಯಲ್ಲಿವೆ. ದೂರು ಹೇಳಲು ಫೋನ್ ಮಾಡಿದವರಿಗೆಲ್ಲ ಅವರ ಮೊದಲ ಪ್ರಶ್ನೆ ಬದಲಾಯಿತು: “ನಿಮ್ಮ ಹುಳ ಏನು ಮಾಡ್ತಿವೆ? ಅದನ್ನ ಮೊದಲು ಹೇಳಿ.” ಆ ಪ್ರಶ್ನೆಯನ್ನು ನಾನು ಎಂದೂ ನಕಲು ಮಾಡಿಲ್ಲ.

ಹೋದ ತಿಂಗಳು ಆಪಾ ಹೊರಡುವ ದಿನ, ಬಸ್ ಸ್ಟ್ಯಾಂಡಿನಲ್ಲಿ, ರತ್ನಮ್ಮನಿಗೆ ಹೇಳಿಬಿಡುತ್ತೇನೆ ಅಂದೆ. “ನಕ್ಕೋ” ಅಂದರು. “ಈಗ ಅಂಗಡಿ ನಿಂದು. ನಿನ್ನ ಮಾತು ಯಾರು ನಂಬ್ತಾರೆ ಆಮೇಲೆ?” ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸಿದರು, ನಾನು ನಿಂತ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ.

ಅವರ ಮಾತು ಮೀರಿ ಮೊನ್ನೆ ಹೋದೆ. ರತ್ನಮ್ಮ ಜಗಲಿಯಲ್ಲಿ ಎಳೆಯ ಹುಳುವಿಗೆ ಸೊಪ್ಪು ಸಣ್ಣಗೆ ಹೆಚ್ಚುತ್ತಿದ್ದರು. ಎಲ್ಲ ಹೇಳಿದೆ. ಅವರು ತಲೆ ಎತ್ತಲಿಲ್ಲ.

“ಆಯಮ್ಮ ಹೋದ್ಲು ಅಂತ ಈಗ ನೀನು ತಲೆ ಮ್ಯಾಕೆ ಹಾಕ್ಕೊಂಡು ಬಂದಿದ್ದೀಯ. ಅವಳ ದನಿ ನನಗೆ ಗೊತ್ತಿಲ್ವಾ? ಹೋಗಪ್ಪಾ, ಹೋಗು.”

ಬೇರೆ ದಾರಿ ಇರಲಿಲ್ಲ. ಮೂಗು ಕಟ್ಟಿಕೊಂಡೆ. “ಅರೇ ರತ್ನಮ್ಮ, ನೀರು ಮುಟ್ಟಿ ಬಂದಿರ್ತೀಯ. ಕೈ ನಂಬಬೇಡ, ಅಂಕಿ ನಂಬು. ಒಲೆ ಗಿಲೆ ನಕ್ಕೋ. ಬಾಗ್ಲು ತೆಗೀಬೇಡ.”

ಕತ್ತಿ ಸೊಪ್ಪಿನ ಮೇಲೆ ನಿಂತಿತು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. “ನಾಕು ವರ್ಷ” ಅಂದರು. ಸೀರೆಗೆ ಕೈ ಒರೆಸಿಕೊಂಡು ಒಳಗಿನಿಂದ ಫೋನ್ ತಂದರು. “ಹಾಕಿ ಕೊಡು ಆಯಮ್ಮನ ನಂಬರು.”

ಹಾಕಿ ಕೊಟ್ಟೆ. ನಾಲ್ಕೈದು ಸಲ ರಿಂಗಾಯಿತು. ಆ ಕಡೆಯಿಂದ, ಕಟ್ಟಿದ ಮೂಗಿನ ದನಿಯಲ್ಲಿ, “ಅರೇ, ಯಾರು?” ಎಂದದ್ದು ನನಗೂ ಕೇಳಿಸಿತು.

ರತ್ನಮ್ಮ ಎರಡು ಹೆಜ್ಜೆ ಮುಂದೆ ಬಂದು ನನ್ನ ಬಾಯಿಯನ್ನೇ ದಿಟ್ಟಿಸಿ ನೋಡಿದರು. ನಾನು ತುಟಿ ಬಿಗಿದು ನಿಂತೆ.

“ಆಪಾ,” ಅಂದರು, ಕಣ್ಣು ನನ್ನ ತುಟಿಯ ಮೇಲೆ ಇಟ್ಟುಕೊಂಡೇ. “ನೀನೇನಾ ಮಾತಾಡ್ತಿರೋದು?”